ಚಂಡಮಾರುತದ ಸುತ್ತು

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದಿತೆಂಬ ವಾರ್ತೆಯನ್ನು ಶ್ರೋತೃಗಳು ಅನೇಕ ಸಲ ಕೇಳಿರಬಹುದು. ಆ ಗಾಳಿಯು ನೇರವಾಗಿ ಬೀಸದೆ ಸುತ್ತುವುದೇಕೆ ಎಂಬುದನ್ನು ಈಗ ವಿಚಾರ ಮಾಡೋಣ. ಕಡಲತೀರದ ಜನರಿಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಕಡಲಿನ ಮೇಲುನೀರು ಸುಮಾರು 27 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಾದಾಗ, ಅದರ ಆವಿಯು ಮೇಲಕ್ಕೇರಿ, ತಂಪಾಗಿ, ಮೋಡವಾಗುತ್ತದೆ. ಆವಿಯಲ್ಲಿ ಅಡಗಿದ್ದ ಶಾಖವು ಆಗ ಹೊರಬಿದ್ದು ವಾಯುವನ್ನು ಹಗುರಗೊಳಿಸುವುದು. ಕೆಳಗೆ ಒತ್ತಡವು ಕುಗ್ಗುವುದು. ಆ ಸ್ಥಳಕ್ಕೆ ನಾಲ್ಕು ದಿಕ್ಕುಗಳಿಂದಲೂ ಗಾಳಿ ನುಗ್ಗುತ್ತದೆ. ಭೂಮಿಯು ತಿರುಗದಿದ್ದರೆ ಆ ಗಾಳಿಯು ನೆಟ್ಟಗೆ ಬಂದು ಕೊರತೆಯನ್ನು ತುಂಬಿಬಿಡುತ್ತಿತ್ತು, ಚಂಡಮಾರುತವು ರೂಪುಗೊಳ್ಳುತ್ತಿರಲಿಲ್ಲ.

ಭೂಮಧ್ಯರೇಖೆಯ ಮೇಲಿನ ನೆಲವು ಗಂಟೆಗೆ ಸುಮಾರು 1670 ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ಸಾಗುತ್ತಿದೆ. ಕಲ್ಕತ್ತೆಯ ನೆಲದ ವೇಗವಾದರೋ ಸುಮಾರು 1540. ಆದುದರಿಂದ ದಕ್ಷಿಣದಿಂದ ಉತ್ತರಕ್ಕೆ ಹೊರಟ ಗಾಳಿಯು ನೆಲಕ್ಕಿಂತ ಮುಂದಾಗಿ ಪೂರ್ವಕ್ಕೆ ವಾಲುವುದು; ಉತ್ತರದಿಂದ ಹೊರಟದ್ದು ಹಿಂದುಳಿದು ಪಶ್ಚಿಮಕ್ಕೆ ವಾಲುವುದು. ಪೂರ್ವಪಶ್ಚಿಮವಾಗಿ ಬೀಸುವ ಗಾಳಿಯದೂ ಇದೇ ಗತಿ. ಉತ್ತರಾರ್ಧಗೋಳದಲ್ಲಿ ಪ್ರತಿಯೊಂದು ಗಾಳಿಯೂ ತನ್ನ ಬಲಕ್ಕೆ ಸರಿಯುತ್ತದೆ. ತಿರುಗುವ ಯಂತ್ರಗಳ ವಿಷಯದಲ್ಲಿ ಈ ತತ್ತ್ವವನ್ನು 1835ರಲ್ಲಿ ಗಣಿತದಿಂದ ವಿವರಿಸಿದವರು ಫ್ರಾನ್ಸ್ ದೇಶದ ಕೊರಿಯೊಲಿಸ್.

ಕೇಂದ್ರಕ್ಕೆ ಗುರಿಯಿಟ್ಟು ಬಂದ ಗಾಳಿಗಳೆಲ್ಲವೂ ಹೀಗೆ ಬಲಕ್ಕೆ ಗುರಿತಪ್ಪುತ್ತವೆ. ನಾವು ದೇವರನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬರುವೆವಷ್ಟೆ. ಅವು ಕೇಂದ್ರವನ್ನು ಎಡಕ್ಕಿಟ್ಟುಕೊಂಡು ಅಪ್ರದಕ್ಷಿಣವಾಗಿ ಸುತ್ತತೊಡಗುತ್ತವೆ. ದಕ್ಷಿಣಾರ್ಧಗೋಳದಲ್ಲಿ ಈ ಸುತ್ತು ತಿರುವುಮುರುವು. ಭೂಮಧ್ಯರೇಖೆಯಲ್ಲಿ ಈ ಪ್ರಭಾವವು ಶೂನ್ಯ. ಆದಕಾರಣ ಅಲ್ಲಿ ಕಡಲು ಎಷ್ಟೇ ಬೆಚ್ಚಗಿದ್ದರೂ, ರೇಖೆಯಿಂದ 5 ಡಿಗ್ರಿಗಳೊಳಗೆ ಚಂಡಮಾರುತವು ಹುಟ್ಟುವುದು ಬಹಳ ಅಪರೂಪ. 2001ರ ಡಿಸೆಂಬರಿನಲ್ಲಿ ಸಿಂಗಪುರದ ಬಳಿ ಎದ್ದ ‘ವಾಮೇ’ ಎಂಬುದು ಅಂತಹ ಒಂದು ಅಪವಾದ.

ಈ ಸುತ್ತಿನ ದಿಕ್ಕೇ ಯಾವ ಊರು ಮುಳುಗುವುದೆಂಬುದನ್ನೂ ಬಹುಮಟ್ಟಿಗೆ ನಿರ್ಣಯಿಸುತ್ತದೆ. 1977ರ ನವೆಂಬರ್ 19ರಂದು ಆಂಧ್ರದ ಚಂಡಮಾರುತವು ತೀರವನ್ನು ಮುಟ್ಟಿದ್ದು ಚೀರಾಲದ ಬಳಿ. ಆದರೆ ಕಡಲು ಹೆಚ್ಚಾಗಿ ಉಕ್ಕಿ ನುಗ್ಗಿದ್ದು ಅದರ ಬಲಪಾರ್ಶ್ವದಲ್ಲಿದ್ದ, ಕೃಷ್ಣಾನದಿಯ ಮುಖದ ದಿವಿಸೀಮೆಗೆ. ಆ ಪಾರ್ಶ್ವದಲ್ಲಿ ಗಾಳಿಯು ಕಡಲಿನಿಂದ ನೆಲದ ಕಡೆಗೆ ಬೀಸುತ್ತಿತ್ತು. ಆ ದುರಂತದಲ್ಲಿ ಸಾವಿರಾರು ಜನರು ಮಡಿದರು.

ಇನ್ನೊಂದು ಮಾತು. ಚಂಡಮಾರುತದ ಕೇಂದ್ರವು ಊರಿನ ಮೇಲೆ ಹಾದುಹೋಗುವಾಗ ಗಾಳಿಯು ತಟಕ್ಕನೆ ಅಡಗುವುದು. ಅದು ಮುಗಿಯಿತೆಂದು ನಂಬಿ ಯಾರೂ ಹೊರಗೆ ಬರಲಾಗದು. ಸುತ್ತಿನ ಅರ್ಧವಷ್ಟೇ ದಾಟಿದೆ. ಉಳಿದರ್ಧವು ಎದುರು ದಿಕ್ಕಿನಿಂದ ಬರಲಿದೆ.