ಮಂಡಕಳ್ಳಿಯ 1740 ಮೀಟರ್

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೊರಟರೆ ಸುಮಾರು 10 ಕಿ.ಮೀ. ದೂರದಲ್ಲಿ ಮಂಡಕಳ್ಳಿ. ಅಲ್ಲಿರುವ ವಿಮಾನ ನಿಲ್ದಾಣಕ್ಕೆ ಸ್ವತಂತ್ರ ಭಾರತಕ್ಕಿಂತ ಹೆಚ್ಚು ವಯಸ್ಸಾಗಿದೆ. ದಸರೆಗೆ ದೇಶವಿದೇಶಗಳಿಂದ ಜನ ಬರುವ ಊರು, ಇನ್ಫೊಸಿಸ್‌ನ ಬೃಹತ್ ತರಬೇತಿ ಕೇಂದ್ರವಿರುವ ಊರು ಮೈಸೂರು. ಆದರೂ ಮುಂಬೈಗೋ ದೆಹಲಿಗೋ ಹೋಗಬೇಕಾದ ಮೈಸೂರಿಗರು ಇಂದಿಗೂ ರಾತ್ರೋರಾತ್ರಿ ಎದ್ದು ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯ ಹಾದಿ ಹಿಡಿಯುತ್ತಾರೆ. ‘ಮೈಸೂರಿನಲ್ಲಿ ಪ್ರಯಾಣಿಕರೇ ಇಲ್ಲ’ ಎಂಬ ಮಾತನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ಪ್ರಯಾಣಿಕರಿದ್ದಾರೆ. ಕೊರತೆ ಇರುವುದು ರನ್‌ವೇಯ ಉದ್ದದಲ್ಲಿ.

ಮೈಸೂರು ಸಂಸ್ಥಾನ ಈ ನಿಲ್ದಾಣವನ್ನು ಕಟ್ಟಿಸಿದ್ದು 1940ರಲ್ಲಿ, 290 ಎಕರೆ ಜಾಗದಲ್ಲಿ. ಸಂಸ್ಥಾನದ ಪಾಲಿಗೆ ಅದು ದೊಡ್ಡ ತಿರುವುಗಳ ವರ್ಷ. ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು, ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ವರ್ಷದ ಕೊನೆಗೆ ವಾಲ್‌ಚಂದ್ ಹೀರಾಚಂದ್ ಅವರ ವಿಮಾನ ಕಾರ್ಖಾನೆಗೆ ಸಂಸ್ಥಾನ ಬೆಂಗಳೂರಿನಲ್ಲಿ ಜಾಗ ಕೊಟ್ಟು, ಬಂಡವಾಳದಲ್ಲೂ ಪಾಲು ಹಾಕಿತು. ಇಂದಿನ ಎಚ್‌ಎಎಲ್ ಹುಟ್ಟಿದ್ದು ಹಾಗೆ. ವಿಮಾನ ಎಂದರೇನೆಂದು ಬಹುಪಾಲು ಜನ ಕಣ್ಣಾರೆ ಕಾಣದಿದ್ದ ಕಾಲದಲ್ಲೇ ಮೈಸೂರಿನ ಆಡಳಿತಗಾರರು ಅದರ ಮೇಲೆ ಭರವಸೆ ಇಟ್ಟಿದ್ದರು. ಆ ದೂರದೃಷ್ಟಿಯ ಎದುರು ಮುಂದಿನ ಅರವತ್ತು ವರ್ಷಗಳ ಕಥೆ ನೋವು ತರಿಸುತ್ತದೆ.

1950ರಲ್ಲಿ ನಿಲ್ದಾಣ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಎಂಬತ್ತರ ದಶಕದಲ್ಲಿ ‘ವಾಯುದೂತ್’ ಬೆಂಗಳೂರಿಗೆ ಸಣ್ಣ ವಿಮಾನ ಹಾರಿಸಿ ಸ್ವಲ್ಪ ಕಾಲದಲ್ಲೇ ನಿಲ್ಲಿಸಿತು. 2005ರ ಹೊತ್ತಿಗೆ ರಾಜ್ಯ ಸರ್ಕಾರ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಒಪ್ಪಂದ ಮಾಡಿಕೊಂಡವು. ಹೊಸ ಟರ್ಮಿನಲ್, ವಿಮಾನ ನಿಲ್ಲಿಸುವ ಏಪ್ರನ್, ಮರುನಿರ್ಮಿಸಿದ ರನ್‌ವೇ ಎಲ್ಲ ಸಿದ್ಧವಾಗಿ 2010ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಉದ್ಘಾಟಿಸಿದರು. ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು, ಮುಂದಿನ ವರ್ಷದ ನವೆಂಬರ್‌ಗೆ ಹೊರಟಿತು. 2013ರಲ್ಲಿ ಬಂದ ಸ್ಪೈಸ್‌ಜೆಟ್ 2014ರಲ್ಲಿ ನಿಂತಿತು. 2015ರಲ್ಲಿ ಏರ್ ಇಂಡಿಯಾದ ಪ್ರಾದೇಶಿಕ ಸೇವೆ ಕೆಲವೇ ವಾರ ಬಾಳಿತು.

ಹೀಗೇಕೆ? ರನ್‌ವೇಯ ಉದ್ದ 1740 ಮೀಟರ್. ಮಂಡಕಳ್ಳಿ ಸಮುದ್ರಮಟ್ಟದಿಂದ 700 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳುವಾಗುತ್ತದೆ. ರೆಕ್ಕೆಗೂ ಎಂಜಿನ್‌ಗೂ ಸಿಗುವ ಬಲ ಕುಗ್ಗಿ, ವಿಮಾನ ನೆಲ ಬಿಡಲು ಇನ್ನಷ್ಟು ದೂರ ಓಡಬೇಕು. ಪೂರ್ತಿ ತುಂಬಿದ ಏರ್‌ಬಸ್ 320 ಅಥವಾ ಬೋಯಿಂಗ್ 737ಕ್ಕೆ 2000 ಮೀಟರ್‌ಗೂ ಹೆಚ್ಚು ಓಟ ಬೇಕಾಗುತ್ತದೆ. ಆದ್ದರಿಂದ ಇಲ್ಲಿನ ನಿತ್ಯ ಸೇವೆಯೆಲ್ಲ ಎಟಿಆರ್ 72ರಂಥ ಪ್ರೊಪೆಲರ್ ವಿಮಾನಗಳ ಪಾಲು.

ಎಟಿಆರ್ ಏರುವುದು ಬೇರೆಯದೇ ಅನುಭವ. ಏರೋಬ್ರಿಡ್ಜ್ ಬೇಡ, ಏಣಿಯ ಗಾಡಿಯೂ ಬೇಡ. ಬಾಲದ ಹತ್ತಿರದ ಬಾಗಿಲೇ ಕೆಳಕ್ಕೆ ಮಡಚಿಕೊಂಡು ಮೆಟ್ಟಿಲಾಗುತ್ತದೆ. ಪ್ರಯಾಣಿಕರ ಮುಂಬಾಗಿಲಿನ ಜಾಗದಲ್ಲಿ ಸರಕಿನ ಬಾಗಿಲು. ರೆಕ್ಕೆಗಳು ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ಗದ್ದೆ, ಕೆರೆ, ತೆಂಗಿನ ತೋಟ ಯಾವುದೂ ಮರೆಯಾಗುವುದಿಲ್ಲ. ಮೈಸೂರಿನ ಸೀಮೆಯನ್ನು ಹಾಗೆ ಮೇಲಿನಿಂದ ನೋಡುವುದು ನನಗಂತೂ ಬಹಳ ಇಷ್ಟ. ಆದರೆ 70–78 ಸೀಟುಗಳ ಈ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದ್ದು. ದೆಹಲಿಯನ್ನು ಒಂದೇ ಹಾರಾಟದಲ್ಲಿ ಮುಟ್ಟುವ ಶಕ್ತಿ ಅದಕ್ಕಿಲ್ಲ. ಸೀಟು ಕಡಿಮೆಯಿದ್ದಾಗ ಕೆಲವು ಖಾಲಿ ಉಳಿದರೂ ಲೆಕ್ಕ ತಪ್ಪುತ್ತದೆ.

ಅದರ ಮೇಲೆ ಮತ್ತೆ ಮತ್ತೆ ಆರಿಸಿಕೊಂಡ ಮಾರ್ಗ ಬೆಂಗಳೂರು! 140 ಕಿ.ಮೀ. ದೂರಕ್ಕೆ ರೈಲಿದೆ, ಗಳಿಗೆಗೊಂದು ಬಸ್ಸಿದೆ, 2023ರಿಂದ ಎಕ್ಸ್‌ಪ್ರೆಸ್‌ವೇ ಕೂಡ ಇದೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರ ದೇವನಹಳ್ಳಿಯ ಟರ್ಮಿನಲ್ ಮುಂದೆಯೇ ಇಳಿಸುತ್ತದೆ. ಇಷ್ಟು ಹತ್ತಿರಕ್ಕೆ ವಿಮಾನ ಹತ್ತುವವರು ಮುಂದಿನ ವಿಮಾನ ಹಿಡಿಯಬೇಕಾದವರು ಮಾತ್ರ. ಅಂಥ ಮಾರ್ಗದ ಸೋಲನ್ನು ಇಡೀ ನಿಲ್ದಾಣದ ತಲೆಗೆ ಕಟ್ಟಿದ್ದು ಅನ್ಯಾಯ ಎಂದೇ ನನ್ನ ನಂಬಿಕೆ.

‘ಉಡಾನ್’ ಯೋಜನೆ ಬಂದ ಮೇಲೆ ಅದು ಸ್ಪಷ್ಟವಾಯಿತು. ಒಂದಷ್ಟು ಸೀಟುಗಳಿಗೆ ದರದ ಮಿತಿ ಹಾಕಿ, ಕಂಪನಿಗೆ ಬೀಳುವ ಕೊರತೆಯನ್ನು ಮೂರು ವರ್ಷ ಸರ್ಕಾರವೇ ತುಂಬಿಕೊಡುವ ಯೋಜನೆ ಅದು. 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಿತು. 2019ರಲ್ಲಿ ಅಲಯನ್ಸ್ ಏರ್ ಹೈದರಾಬಾದ್, ಗೋವಾ, ಕೊಚ್ಚಿಗಳನ್ನು ಜೋಡಿಸಿತು. ಬಳಿಕ ಇಂಡಿಗೊ ಕೂಡ ತನ್ನ ಎಟಿಆರ್ ತಂದಿತು. ಬಸ್ಸಿನಲ್ಲಿ ರಾತ್ರಿಯಿಡೀ ಕೂರಬೇಕಾದ ಊರುಗಳು ಒಂದೆರಡು ಗಂಟೆಯ ದೂರಕ್ಕೆ ಬಂದಾಗ ಮೈಸೂರಿಗರು ಟಿಕೆಟ್ ಕೊಂಡರು. ನೆರವು ಮುಗಿದಂತೆ ಕೆಲವು ಮಾರ್ಗಗಳು ನಿಂತದ್ದೂ ನಿಜ; ಟ್ರೂಜೆಟ್ ಕಂಪನಿಯೇ 2022ರಲ್ಲಿ ಹಾರಾಟ ನಿಲ್ಲಿಸಿತು.

ರನ್‌ವೇಯನ್ನು 2750 ಮೀಟರ್‌ಗೆ ಬೆಳೆಸುವ ಯೋಜನೆ ಹಲವು ವರ್ಷಗಳಿಂದ ಇದೆ. ಆ ದಾರಿಗೆ ಅಡ್ಡ ಇರುವುದು ನಂಜನಗೂಡು, ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯನ್ನು ಅಂಡರ್‌ಪಾಸ್ ಮಾಡಿ ಕೆಳಗೆ ಬಿಟ್ಟು, ಅದರ ಮೇಲೆ ರನ್‌ವೇ ಹಾಸುವುದು ಒಂದು ಯೋಚನೆ. ಹೆದ್ದಾರಿಯನ್ನೇ ಸುತ್ತು ಬಳಸಿ ತಿರುಗಿಸುವುದು ಇನ್ನೊಂದು. ಎರಡಕ್ಕೂ ಹಣ ಬೇಕು, ಜೊತೆಗೆ 200ಕ್ಕೂ ಹೆಚ್ಚು ಎಕರೆ ಭೂಮಿ ಬೇಕು. ಆ ಭೂಮಿ ಸುತ್ತಲಿನ ಹಳ್ಳಿಗಳ ರೈತರದ್ದು. ಜಮೀನು ಬಿಡುವವರಿಗೆ ನ್ಯಾಯವಾದ ಪರಿಹಾರ ತಡವಿಲ್ಲದೆ ಸೇರಬೇಕು. ಕಾಮಗಾರಿ ಶುರುವಾದ ಮೇಲೆ ಅದು ಅರ್ಧಕ್ಕೆ ನಿಲ್ಲಬಾರದು. ಇನ್ನೊಂದು ಎಟಿಆರ್ ಮಾರ್ಗದ ಘೋಷಣೆಗಿಂತ ಮೈಸೂರಿನ ಜನ ತಮ್ಮ ಪ್ರತಿನಿಧಿಗಳನ್ನು ಮೊದಲು ಕೇಳಬೇಕಾದದ್ದು ಆ ಇನ್ನೊಂದು ಸಾವಿರ ಮೀಟರನ್ನು.