ಗಾಲಿಗಳ ಮೇಲೊಂದು ಮನೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಕನ್ನಡದ ಹಳೆಯ ಗಾದೆ. ದೂರದ ದೇಶಗಳನ್ನು ಕಾಣಬಯಸುವವರಿಗೂ ಈ ಮಾತು ಸಲ್ಲುತ್ತದೆ. ಪ್ರವಾಸದಲ್ಲಿ ಹೆಚ್ಚಿನ ಹಣ ವ್ಯಯವಾಗುವುದು ವಾಹನ, ವಸತಿ, ಊಟ ಎಂಬ ಮೂರು ಬಾಬುಗಳಿಗೆ. ಈ ಮೂರನ್ನೂ ಒಂದರಲ್ಲಿಯೇ ಅಡಕಮಾಡುವ ಸಾಧನವೊಂದುಂಟು. ಅದೇ ಕ್ಯಾಂಪರ್ ವ್ಯಾನು. ವ್ಯಾನಿನ ಹಿಂಭಾಗದಲ್ಲಿ ಮಡಿಸಿಡಬಹುದಾದ ಹಾಸಿಗೆ, ಚಿಕ್ಕದೊಂದು ಅನಿಲದ ಒಲೆ, ನೀರಿನ ಡಬ್ಬ, ನಾಲ್ಕು ಪಾತ್ರೆಗಳು ಇಷ್ಟಿದ್ದರೆ ಅದು ಗಾಲಿಗಳ ಮೇಲಿನ ಮನೆಯೇ ಆಗುತ್ತದೆ.

ಇಂತಹ ಮನೆಯೊಡನೆ ಸುತ್ತಲು ತಕ್ಕ ನಾಡುಗಳಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕವೂ ಒಂದು. ನಿಕರಾಗುವ ಮತ್ತು ಪನಾಮ ದೇಶಗಳ ನಡುವಣ ಈ ನಾಡಿನ ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರುಗಳು ಮಾತ್ರ. ಒಂದು ಮಗ್ಗುಲಲ್ಲಿ ಪೆಸಿಫಿಕ್ ಸಾಗರ, ಇನ್ನೊಂದು ಮಗ್ಗುಲಲ್ಲಿ ಕೆರಿಬಿಯನ್ ಸಮುದ್ರ, ನಡುವೆ ಜ್ವಾಲಾಮುಖಿಗಳಿಂದ ಕೂಡಿದ ಪರ್ವತಶ್ರೇಣಿ. ಬೆಳಗ್ಗೆ ಒಂದು ಕಡಲ ದಂಡೆಯಿಂದ ಹೊರಟವರು ಸಂಜೆಗೆ ಮತ್ತೊಂದನ್ನು ಮುಟ್ಟಬಹುದು.

ಉಷ್ಣವಲಯದಲ್ಲಿ ಪ್ರಯಾಣಿಕನ ಮೊದಲ ಎದುರಾಳಿ ಸೆಕೆ. ಬಿಸಿಲಿನಲ್ಲಿ ನಿಂತ ವ್ಯಾನು ಕಾದ ಬಾಣಲೆಯಂತಾಗುತ್ತದೆ. ಅದನ್ನು ಯಂತ್ರದಿಂದ ತಂಪುಮಾಡಲು ಇಂಧನ ಬೇಕು; ಇಂಧನಕ್ಕೆ ಹಣ ಬೇಕು. ಆದರೆ ಬೆಟ್ಟಗಳು ಈ ತಂಪನ್ನು ಬೆಲೆಯಿಲ್ಲದೆ ಕೊಡುತ್ತವೆ. ಸಾವಿರ ಮೀಟರು ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಪ್ಯಾನ್ ಅಮೆರಿಕನ್ ಹೆದ್ದಾರಿಯು ಇಲ್ಲಿ 3,300 ಮೀಟರುಗಳಿಗೂ ಎತ್ತರದ ಕಣಿವೆದಾರಿಯೊಂದನ್ನು ಹಾಯುತ್ತದೆ. ಆ ಸ್ಥಳದ ಹೆಸರು ‘ಸೆರ್ರೊ ದೆ ಲಾ ಮುವೆರ್ತೆ’, ಎಂದರೆ ಸಾವಿನ ಬೆಟ್ಟ. ಹಿಂದಿನ ಕಾಲದಲ್ಲಿ ಕಾಲ್ನಡಿಗೆಯಲ್ಲಿ ಅದನ್ನು ದಾಟುತ್ತಿದ್ದವರು ಚಳಿಗೆ ಸಿಕ್ಕಿ ಸತ್ತುದರಿಂದ ಆ ಹೆಸರು ಬಂತಂತೆ. ಬಿಸಿನಾಡಿನ ಪ್ರವಾಸಿಗೂ ಕಂಬಳಿ ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯದು ಮಳೆ. ಪೆಸಿಫಿಕ್ ಕಡೆಯಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆಗಾಲ. ಮಳೆಗಾಲದಲ್ಲಿ ಪ್ರವಾಸಿಗಳು ಕಡಿಮೆಯಾದುದರಿಂದ ಬಾಡಿಗೆಯೂ ಇಳಿಯುತ್ತದೆ. ಆಗಲೂ ಬೆಳಗಿನ ಹೊತ್ತು ಬಹುಮಟ್ಟಿಗೆ ನಿರ್ಮಲವಾಗಿದ್ದು ಮಧ್ಯಾಹ್ನದ ಮೇಲೆ ಮಳೆ ಸುರಿಯುವುದೇ ವಾಡಿಕೆ. ವರ್ಷವಿಡೀ ಸಂಜೆ ಆರರ ಹೊತ್ತಿಗೆ ಕತ್ತಲಾಗುತ್ತದೆ. ಆದುದರಿಂದ ನಸುಕಿನಲ್ಲಿ ಹೊರಟು ನಡುಹಗಲಿಗೆ ತಂಗುವುದು ಜಾಣತನ. ನಿಕೋಯ ಪರ್ಯಾಯ ದ್ವೀಪದ ಕೆಲವು ಮಣ್ಣುದಾರಿಗಳಲ್ಲಿ ಹೊಳೆಗಳಿಗೆ ಸೇತುವೆಯಿಲ್ಲ. ತುಂಬಿದ ಹೊಳೆಯ ಮುಂದೆ ಕಾದು ನಿಂತರೆ ಒಂದು ದಿನ ನಷ್ಟವಾದೀತು. ನುಗ್ಗಿದರೆ ಮನೆಯೇ ಕೊಚ್ಚಿಹೋದೀತು.

ಊಟದ ವಿಷಯದಲ್ಲಿ ಚಿಂತೆ ಕಡಿಮೆ. ರೈತರ ಸಂತೆಗಳಲ್ಲಿ ಬಾಳೆ, ಅನಾನಸು, ಪರಂಗಿ, ಮರಗೆಣಸು ದೊರೆಯುತ್ತವೆ. ಹೆಚ್ಚಿನ ಕಡೆಗಳಲ್ಲಿ ನಲ್ಲಿಯ ನೀರು ಕುಡಿಯಲು ಯೋಗ್ಯ. ‘ಸೋಡಾ’ ಎಂದರೆ ಅಲ್ಲಿ ಪಾನೀಯವಲ್ಲ, ಮನೆಯವರೇ ನಡೆಸುವ ಪುಟ್ಟ ಊಟದಂಗಡಿ. ಅನ್ನಕ್ಕೆ ಬೆಂದ ಹುರುಳಿಕಾಯಿ ಬೀಜವನ್ನು ಬೆರೆಸಿದ ‘ಗಾಯೊ ಪಿಂಟೊ’ ಅಲ್ಲಿ ನಿತ್ಯದ ಆಹಾರ.

ಆದರೆ ಮಿತವ್ಯಯವೇ ಬೇರೆ, ಜಿಪುಣತನವೇ ಬೇರೆ. ಆ ದೇಶದ 1977ರ ಕಾಯಿದೆಯಂತೆ ಭರತದ ರೇಖೆಯಿಂದ 50 ಮೀಟರುಗಳವರೆಗಿನ ಕಡಲತೀರ ಸಾರ್ವಜನಿಕರದು. ಎಲ್ಲರದೆಂದು ಅಲ್ಲಿ ಕಸ ಚೆಲ್ಲಿ ಹೋಗುವುದು ಉಳಿತಾಯವಲ್ಲ. ಆ ವೆಚ್ಚವನ್ನು ಇನ್ನೊಬ್ಬರ ಹೆಗಲಿಗೆ ಹೊರಿಸಿದಂತೆ. ಒಸ್ತಿಯೊನಾಲ್ ಮೊದಲಾದ ತೀರಗಳಿಗೆ ಕಡಲಾಮೆಗಳು ಇರುಳಿನಲ್ಲಿ ಮೊಟ್ಟೆಯಿಡಲು ಬರುತ್ತವೆ. ವಾಹನದ ದೀಪ ಕಂಡರೆ ತಾಯಿಯಾಮೆ ಮೊಟ್ಟೆಯಿಡದೆ ಹಿಂದಿರುಗಬಹುದು. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ಕಡೆಗೇ ಹರಿಯುವುದರಿಂದ ಕಡಲ ಹಾದಿ ತಪ್ಪಿ ಸಾಯುತ್ತವೆ. ಬಾಡಿಗೆ ಉಳಿಸಲೆಂದು ಇಂತಹ ಮರಳಿನ ಬಳಿ ದೀಪವುರಿಸಿ ತಂಗುವವನು ತಾನು ತೆರದ ಬೆಲೆಯನ್ನು ಆ ಮರಿಗಳಿಂದ ತೆರಿಸುತ್ತಾನೆ.

ರಾಷ್ಟ್ರೀಯ ಉದ್ಯಾನಗಳ ಪ್ರವೇಶಧನವೂ ಹಾಗೆಯೇ, ಉಳಿಸಬಾರದ ವೆಚ್ಚ. 1980ರ ದಶಕದ ವೇಳೆಗೆ ಕೋಸ್ಟರಿಕದ ಕಾಡುಗಳು ಬಹಳವಾಗಿ ಕಡಿದುಹೋಗಿದ್ದವು. ಕಾಡನ್ನು ಉಳಿಸಿಕೊಳ್ಳುವ ಭೂಮಾಲೀಕರಿಗೆ ಧನಸಹಾಯ ನೀಡುವ ಏರ್ಪಾಡು 1996ರ ಅರಣ್ಯ ಕಾಯಿದೆಯಿಂದ ಜಾರಿಗೆ ಬಂತು. ಇಂಧನದ ಮೇಲಿನ ತೆರಿಗೆಯ ಒಂದಂಶ ಅದಕ್ಕೇ ಸಲ್ಲುತ್ತದೆ. ಇಂದು ಅಲ್ಲಿನ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಕಾಡಿನಿಂದ ಕೂಡಿದೆ.

ಈ ನಾಡೇ ಮಿತವ್ಯಯದ ಪಾಠವೊಂದನ್ನು ಆಚರಿಸಿ ತೋರಿಸಿದೆ. 1948ರಲ್ಲಿ ಅದು ತನ್ನ ಸೈನ್ಯವನ್ನು ರದ್ದುಗೊಳಿಸಿತು. ಮುಂದೆ ಶಿಕ್ಷಣಕ್ಕೂ ಆರೋಗ್ಯಕ್ಕೂ ಉದಾರವಾಗಿ ವೆಚ್ಚಮಾಡಿತು. ಎಲ್ಲಿ ಕೈ ಬಿಗಿಹಿಡಿಯಬೇಕು, ಎಲ್ಲಿ ಬಿಚ್ಚಬೇಕು ಎಂಬ ವಿವೇಕವೇ ಮಿತವ್ಯಯ. ಅದು ದೇಶಕ್ಕೆ ಹೇಗೋ, ಗಾಲಿಗಳ ಮೇಲಿನ ಪುಟ್ಟ ಮನೆಗೂ ಹಾಗೆಯೇ.