ಪುಟಗುರುತುಗಳ ಸಾಮೂಹಿಕ ಭಂಡಾರ

ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಹುಡುಕುವುದು ಒಂದು ಕೆಲಸ. ಹುಡುಕಿದುದನ್ನು ಮತ್ತೆ ಕೈಗೆ ಸಿಕ್ಕುವಂತೆ ಇಡುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಅಂತರಜಾಲವು ಹೇರಳವಾಗಿ ನೆರವಾಗುತ್ತದೆ. ಎರಡನೆಯದನ್ನು ನಾವು ಬಹುಮಟ್ಟಿಗೆ ನೆನಪಿಗೇ ಬಿಟ್ಟಿದ್ದೇವೆ. ಶಿಕಾರಿಪುರದ ಅಧ್ಯಾಪಕರೊಬ್ಬರು ಸಂಜೆಯೆಲ್ಲ ಹುಡುಕಿ ಪಡೆದ ಚಿತ್ರವನ್ನೇ ನೆರೆಯ ಸೊರಬದ ಇನ್ನೊಬ್ಬರು ಮೊದಲಿನಿಂದ ಹುಡುಕಬೇಕಾಗುತ್ತದೆ. ಈ ವ್ಯರ್ಥಶ್ರಮವನ್ನು ತಪ್ಪಿಸುವ ಉಪಾಯವೇ ಸಾಮೂಹಿಕ ಪುಟಗುರುತು.

ಪುಸ್ತಕದ ಹಾಳೆಗಳ ನಡುವೆ ನವಿಲುಗರಿಯನ್ನು ಇಡುವುದುಂಟಷ್ಟೆ. ಗಣಕಯಂತ್ರದಲ್ಲಿ ಜಾಲಪುಟದ ವಿಳಾಸವನ್ನು ಉಳಿಸಿಕೊಳ್ಳುವುದೂ ಅಂತಹುದೇ. ಆದರೆ ಆ ಗುರುತು ಉಳಿಸಿದವರಿಗೆ ಮಾತ್ರ ಕಾಣುತ್ತದೆ. ಅದನ್ನು ಎಲ್ಲರಿಗೂ ತೆರೆದ ಭಂಡಾರದಲ್ಲಿಟ್ಟು, ಅದಕ್ಕೆ ಟ್ಯಾಗ್ ಎಂಬ ಹೆಸರುಚೀಟಿಗಳನ್ನು ಅಂಟಿಸಿದರೆ ಅದು ಸಾಮೂಹಿಕವಾಗುತ್ತದೆ. ೨೦೦೩ರಲ್ಲಿ ಜೋಶುವಾ ಶಾಕ್ಟರ್ ಅವರು ಆರಂಭಿಸಿದ ಡೆಲಿಶಿಯಸ್ ಎಂಬ ಜಾಲತಾಣವು ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಹೆಸರುಚೀಟಿಯ ಪ್ರಯೋಜನವೇನು? ಹಳೆಯ ಸೂಚಿಯೊಂದರೊಡನೆ ಹೋಲಿಸಿ ನೋಡೋಣ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ೭ನೆಯ ಸಂಪುಟದಲ್ಲಿ (೧೯೦೨) ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನೂ, ೮ನೆಯದರಲ್ಲಿ (೧೯೦೪) ಸೊರಬದ ಶಾಸನಗಳನ್ನೂ ಪ್ರಕಟಿಸಿದರು. ಪ್ರತಿಯೊಂದಕ್ಕೂ ತಾಲ್ಲೂಕಿನ ಹೆಸರು, ಒಂದು ಅನುಕ್ರಮ ಸಂಖ್ಯೆ. ತಾಳಗುಂದದ ಸ್ತಂಭಶಾಸನವು ಶಿಕಾರಿಪುರ ೧೭೬. ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಂಚಿಗೆ ಹೋದುದನ್ನು ಅದು ಹೇಳುತ್ತದೆ. ಬಳ್ಳಿಗಾವಿಯ ಕೋಡಿಯ ಮಠದ ವಿದ್ಯಾಭ್ಯಾಸವನ್ನು ವರ್ಣಿಸುವ ೧೧೬೨ರ ಶಾಸನವು ಶಿಕಾರಿಪುರ ೧೦೨. ಸಂಖ್ಯೆ ತಿಳಿದವರಿಗೆ ಇವು ಕ್ಷಣದಲ್ಲಿ ಸಿಕ್ಕುತ್ತವೆ. ‘ಪ್ರಾಚೀನ ವಿದ್ಯಾಭ್ಯಾಸ’ ಎಂಬ ಪಾಠಕ್ಕೆ ಸಿದ್ಧರಾಗುವವರಿಗೆ ಈ ಸಂಖ್ಯೆಗಳು ಎರಡರ ನಂಟನ್ನು ಸೂಚಿಸುವುದಿಲ್ಲ.

ಕಪಾಟಿನಲ್ಲಿ ಒಂದು ವಸ್ತುವಿಗೆ ಒಂದೇ ಸ್ಥಳ. ಹೆಸರುಚೀಟಿಗಳಾದರೋ ಎಷ್ಟಾದರೂ ಇರಬಹುದು. ಸ್ತಂಭಶಾಸನದ ಚಿತ್ರವಿರುವ ಪುಟಕ್ಕೆ ಒಬ್ಬರು ‘ಕದಂಬರು’, ‘ಶಾಸನ’, ‘ವಿದ್ಯಾಭ್ಯಾಸ’ ಎಂದು ಬರೆಯಲಿ; ಕೋಡಿಯ ಮಠದ ಪುಟಕ್ಕೆ ಮತ್ತೊಬ್ಬರು ‘ವಿದ್ಯಾಭ್ಯಾಸ’ ಎನ್ನಲಿ. ಆ ಪದವನ್ನು ಒತ್ತಿದ ಮೂರನೆಯವರಿಗೆ ಎರಡೂ ಒಟ್ಟಿಗೆ ದೊರೆಯುತ್ತವೆ. ಸೊರಬದ ಗುಡವಿ ಪಕ್ಷಿಧಾಮದ ಪುಟವೂ ಹೀಗೆಯೇ ‘ನೀರುಹಕ್ಕಿ’, ‘ವಲಸೆ’, ‘ಕೆರೆ’ ಎಂಬ ಮೂರು ಪಾಠಗಳಿಗೆ ಒದಗುತ್ತದೆ. ಪ್ರತಿಯೊಬ್ಬರೂ ತಮ್ಮ ಅನುಕೂಲಕ್ಕೆ ಬರೆದುಕೊಂಡದ್ದೇ ಎಲ್ಲರ ಸೂಚಿಯಾಗುತ್ತದೆ.

ಆದರೆ ಯಂತ್ರವು ಅರ್ಥವನ್ನು ಅರಿಯದು. ಅಕ್ಷರಗಳನ್ನು ಮಾತ್ರ ಹೋಲಿಸುತ್ತದೆ. ಬಳ್ಳಿಗಾವಿ, ಬಳ್ಳಿಗಾವೆ, ಬಲಿಪುರ ಮೂರೂ ಒಂದೇ ಊರೆಂದು ನಾವು ಬಲ್ಲೆವು. ಯಂತ್ರಕ್ಕೆ ಅವು ಮೂರು ಬೇರೆ ಚೀಟಿಗಳು. ಆದುದರಿಂದ ಒಂದು ತಾಲ್ಲೂಕಿನ ಅಧ್ಯಾಪಕರು ಮೊದಲೇ ಕುಳಿತು, ಊರು, ವಿಷಯ, ತರಗತಿಗಳಿಗೆ ಇಂತಹ ರೂಪವನ್ನೇ ಬಳಸುವುದೆಂದು ಇಪ್ಪತ್ತು ಮೂವತ್ತು ಪದಗಳ ಪಟ್ಟಿಯನ್ನು ಒಪ್ಪಿಕೊಳ್ಳುವುದು ಲೇಸು. ಉಳಿದ ಪದಗಳು ಅವರವರ ಇಷ್ಟಕ್ಕೆ ಇರಲಿ.

ಮತ್ತೊಂದು ಅಪಾಯವುಂಟು. ೨೦೧೭ರಲ್ಲಿ ಡೆಲಿಶಿಯಸ್ ತಾಣವನ್ನು ಪಿನ್‌ಬೋರ್ಡ್ ಎಂಬ ಸಂಸ್ಥೆಯು ಕೊಂಡಿತು. ಅಲ್ಲಿ ಹೊಸ ಗುರುತುಗಳನ್ನು ಸೇರಿಸುವುದು ಅಂದಿಗೆ ನಿಂತಿತು. ರೇನ್‌ಡ್ರಾಪ್ ಮುಂತಾದ ಸಾಧನಗಳು ಈಗ ಇದೇ ಕೆಲಸಕ್ಕೆ ದೊರೆಯುತ್ತವಾದರೂ ಯಾವುದನ್ನೂ ಶಾಶ್ವತವೆಂದು ನಂಬಲಾಗದು. ಇಡೀ ಸಂಗ್ರಹವನ್ನು ಒಂದು ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವನ್ನು ಆಗಾಗ್ಗೆ ಬಳಸಬೇಕು. ಪುಟಗುರುತಿನಲ್ಲಿರುವುದು ವಿಳಾಸವೇ ಹೊರತು ವಸ್ತುವಲ್ಲ ಎಂಬುದನ್ನೂ ಮರೆಯಬಾರದು: ಪುಟವೇ ಅಳಿದರೆ ಗುರುತು ನಿರರ್ಥಕ. ಮರುಬಳಕೆಗೆ ಅನುಮತಿಯುಳ್ಳ ಸಾಮಗ್ರಿಯನ್ನು ಪ್ರತಿ ಮಾಡಿಟ್ಟುಕೊಳ್ಳುವುದು ಕ್ಷೇಮ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಅಂತಹ ಕನ್ನಡ ಸಾಮಗ್ರಿ ಉಂಟು.

ಊರಿನ ಕೆರೆ, ಶಾಸನ, ಹಕ್ಕಿಗಳ ವಿಷಯವನ್ನು ದೂರದವರು ನಮಗಾಗಿ ವಿಂಗಡಿಸಿ ಕೊಡಲಾರರು. ಅವುಗಳನ್ನು ಬಲ್ಲ ಅಧ್ಯಾಪಕರು ದಿನಕ್ಕೊಂದು ಗುರುತನ್ನು ಹಾಕಿದರೆ, ವರ್ಷ ಕಳೆಯುವುದರೊಳಗೆ ತಾಲ್ಲೂಕಿಗೊಂದು ಪಾಠಭಂಡಾರ ಸಿದ್ಧವಾಗುತ್ತದೆ.